ನಿಧಿ ಖಾಲಿ ಬಿಟ್ಟ ಹಾಳೆಗಳು

ಇದನ್ನು ಬರೆಯಲು ಕೂರುವ ಮೊದಲು ಎರಡು ವರ್ಷದ ಡೈರಿಗಳನ್ನು ತೆಗೆದು ಮೇಜಿನ ಮೇಲೆ ಇಟ್ಟುಕೊಂಡೆ. ಓದುತ್ತ ಹೋದಂತೆ ನನ್ನ ನೆನಪಿನ ಮೇಲಿದ್ದ ನಂಬಿಕೆ ಕಡಿಮೆಯಾಯಿತು. ಡೈರಿಯ ಮೇಲಿನ ನಂಬಿಕೆ ಹೆಚ್ಚಾಗಲಿಲ್ಲ. ನನ್ನ ಮಗಳ ಕಾಯಿಲೆ ಅವಳು ನಾಲ್ಕನೇ ತರಗತಿಗೆ ಹೋದ ಮೇಲೆ ಶುರುವಾಯಿತು ಎಂದು ನಾನು ಎಲ್ಲರಿಗೂ ಹೇಳಿದ್ದೇನೆ, ಡಾಕ್ಟರಿಗೂ ಹೇಳಿದ್ದೇನೆ. ಆದರೆ ಅದಕ್ಕೂ ಮೊದಲಿನ ಬೇಸಿಗೆ ರಜೆಯ ಒಂದು ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: "ನಿಧಿ ಮಾವಿನಹಣ್ಣು ತಿನ್ನುತ್ತ ತಿನ್ನುತ್ತ ನಿಂತುಬಿಟ್ಟಳು. ಕರೆದರೆ ಕೇಳಿಸಲಿಲ್ಲ. ಏನೋ ಯೋಚನೆ." ಮುಂದಿನ ಸಾಲು ಗ್ಯಾಸ್ ಸಿಲಿಂಡರ್ ಬರಲಿಲ್ಲ ಎನ್ನುವುದರ ಬಗ್ಗೆ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಈಗ ಒಂದು ಕಾಲೇಜು ಲೈಬ್ರರಿಯಲ್ಲಿ ಪುಸ್ತಕಗಳ ಪಟ್ಟಿ ಮಾಡುವ ಕೆಲಸ. ಸಾಕ್ಷಿ ಹೇಳುವವರು ಏನನ್ನು ಮುಚ್ಚಿಡಲು ಬಯಸುತ್ತಾರೆ ಎಂದು ಮೊದಲು ಕೇಳಿಕೊಳ್ಳಬೇಕು ಅಂತ ನಮಗೆ ಪಾಠ ಮಾಡಿದ್ದರು. ಇಲ್ಲಿ ಸಾಕ್ಷಿ ನಾನೇ. ಆದ್ದರಿಂದ ಸ್ವಲ್ಪ ಅನುಮಾನವಿಟ್ಟುಕೊಂಡೇ ಓದಿ. ಬರೆಯದೆ ಇರಬಹುದಿತ್ತು. ಆದರೆ ಕಳೆದ ತಿಂಗಳು ಡಾಕ್ಟರ ಕಾಯುವ ಕೋಣೆಯಲ್ಲಿ ಹೊಸಕೋಟೆ ಕಡೆಯ ಒಬ್ಬ ತಾಯಿ ಪಕ್ಕದಲ್ಲಿ ಕೂತಿದ್ದರು. ಮಡಿಲಲ್ಲಿ ಮಗನ ಹೋಂವರ್ಕ್ ಪುಸ್ತಕ, ಅದರ ಮೇಲೆ ಕೆಂಪು ಶಾಯಿಯ ಗೆರೆಗಳು. ನಿಮ್ಮ ಮಗುವಿಗೂ ಓದಿದ್ದು ತಲೆಗೆ ಹೋಗಲ್ವಾ ಎಂದು ಕೇಳಿದರು. ಹೂಂ ಅಂದೆ. ಅಷ್ಟರಲ್ಲಿ ನಮ್ಮ ಟೋಕನ್ ಬಂತು, ಎದ್ದು ಹೋದೆ. ಹೇಳಬೇಕಾದದ್ದೆಲ್ಲ ಹಾಗೇ ಉಳಿಯಿತು.

ನಾವಿರುವುದು ಬಸವನಗುಡಿಯ ಹಳೆಯ ಮನೆಯೊಂದರ ಮಹಡಿಯಲ್ಲಿ. ನಾನು, ಗಂಡ ರಘು, ಅತ್ತೆ, ಮಗಳು ನಿಧಿ. ಅವಳ ಶಾಲೆ ಚಾಮರಾಜಪೇಟೆಯಲ್ಲಿ. ನಾಲ್ಕನೇ ತರಗತಿ ಶುರುವಾಗಿ ಎರಡು ತಿಂಗಳಿಗೆ ಕ್ಲಾಸ್ ಟೀಚರ್ ಕರೆಸಿದರು. ಬಯ್ಯುವ ದನಿಯಲ್ಲ, ನಿಜವಾಗಿ ಅರ್ಥವಾಗದವರ ದನಿ.

"ನೀರು ಕುಡಿದಂಗೆ ಓದ್ತಾಳೆ ಮೇಡಂ. ಪ್ರಶ್ನೆ ಕೇಳಿದ್ರೆ ಮಾತ್ರ, ಪಾಠ ಬೇರೆ ಯಾರೋ ಓದಿದ್ರು ಅನ್ನೋ ಥರ ನೋಡ್ತಾಳೆ."

ಚಿತ್ರಗಳ ಮೂಲಕ ಪಾಠ ಮಾಡಿ ನೋಡಿ ಎಂದು ಸಲಹೆ ಕೊಟ್ಟರು. ಅಂದು ಸಂಜೆಯೇ ಗಾಂಧಿ ಬಜಾರಿಗೆ ಹೋಗಿ ಚಾರ್ಟ್ ಹಾಳೆ, ಸ್ಕೆಚ್ ಪೆನ್ನು ತಂದೆ. ಯಾವ ಕೆಲಸವನ್ನಾದರೂ ಅತಿಯಾಗಿ ಮಾಡುವುದು ನನ್ನ ಸ್ವಭಾವ. ಸಂತೆಗೆ ಹೊರಟ ಕುಂಬಾರ, ಅವನ ಕತ್ತೆ ಕಳೆದುಹೋಗುವುದು, ಅವನ ಮಗಳು ಅದನ್ನು ಕೆರೆಯ ಹತ್ತಿರ ಹುಡುಕುವುದು, ಹೀಗೊಂದು ಪಾಠವಿತ್ತು. ಅದನ್ನು ಏಳು ಚಿತ್ರಗಳಾಗಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದೆ. ನಿಧಿ ಪ್ರಶ್ನೆಗಳಿಗೆಲ್ಲ ಪಟಪಟ ಉತ್ತರ ಹೇಳಿದಳು. ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಗೊತ್ತಾಯಿತು. ಪಾಠದಲ್ಲಿ ಕತ್ತೆಯ ಹಗ್ಗ ಕಿತ್ತುಹೋಗಿತ್ತು. ನನ್ನ ಚಿತ್ರದಲ್ಲಿ ಮರೆತು ಹಗ್ಗ ಹಾಕಿಬಿಟ್ಟಿದ್ದೆ. ಶಾಲೆಯ ಪರೀಕ್ಷೆಯಲ್ಲಿ ಕತ್ತೆ ಹೇಗೆ ತಪ್ಪಿಸಿಕೊಂಡಿತು ಎಂಬ ಪ್ರಶ್ನೆಗೆ ನಿಧಿ, ಕತ್ತೆ ತಪ್ಪಿಸಿಕೊಂಡಿಲ್ಲ, ಹಗ್ಗ ಕಟ್ಟಿದೆ ಎಂದು ಬರೆದು ಬಂದಿದ್ದಳು. ಅವಳು ಓದಿದ್ದು ಪಾಠವನ್ನಲ್ಲ, ನನ್ನನ್ನು.

ಸರಿ, ಇನ್ನು ನಾನು ಬರೆಯುವುದಿಲ್ಲ, ನೀನೇ ಬರಿ ಎಂದೆ. ಒಂದೊಂದು ಪ್ಯಾರಾವನ್ನು ಮನಸ್ಸಿನಲ್ಲೇ ಓದಬೇಕು, ಪುಸ್ತಕ ಮುಚ್ಚಬೇಕು, ಅದರಲ್ಲಿ ಏನಾಯಿತೋ ಅದನ್ನು ಒಂದು ಚಿಕ್ಕ ಹಾಳೆಯಲ್ಲಿ ಚಿತ್ರವಾಗಿ ಬರೆಯಬೇಕು. ಹಾಳೆ ಕೊಟ್ಟವರು ಅತ್ತೆ. ದಿನಾ ಹರಿಯುವ ಕ್ಯಾಲೆಂಡರಿನ ಹಾಳೆಗಳನ್ನು ಅವರು ಎಸೆಯುವುದಿಲ್ಲ. ದಿನಸಿ ಪಟ್ಟಿಗೆ, ಹಾಲಿನವನ ಲೆಕ್ಕಕ್ಕೆ ಎಂದು ವರ್ಷಗಟ್ಟಲೆ ಕ್ಲಿಪ್ಪು ಹಾಕಿ ಇಟ್ಟಿರುತ್ತಾರೆ. ಒಂದು ಕಟ್ಟು ತಂದು ಮುಂದಿಟ್ಟುಕೊಂಡು, ದೇವರ ಚಿತ್ರವಿದ್ದವನ್ನು, ಹಬ್ಬದ ದಿನದವನ್ನು ಬೇರೆ ಮಾಡತೊಡಗಿದರು. ಎಲ್ಲವೂ ಹಿಂಬದಿ ಖಾಲಿಯೇ ಅಲ್ಲವಾ ಎಂದರೆ, "ಏಕಾದಶಿ ಹಾಳೆ ಮೇಲೆ ಕತ್ತೆ ಬರೀತಾಳಾ? ಸುಮ್ನಿರು" ಎಂದರು.

ನಡುಮನೆಯಲ್ಲಿ ಒಂದು ಹಗ್ಗ ಕಟ್ಟಿದೆ. ನಿಧಿ ಬರೆದ ಹಾಳೆಗಳನ್ನು ಬಟ್ಟೆ ಕ್ಲಿಪ್ಪಿನಿಂದ ಸಾಲಾಗಿ ತೂಗುಹಾಕುವುದು. ಮುಂದಿನ ಬದಿಯ ದಪ್ಪ ಅಂಕಿ ಹಿಂದಕ್ಕೂ ಮಸುಕಾಗಿ ಕಾಣುತ್ತಿತ್ತು. ಅವಳು ಹದಿನೆಂಟರ ಎಂಟನ್ನು ಮಡಕೆ ಮಾಡಿದಳು, ನಾಲ್ಕಕ್ಕೆ ಬಾಲ ಸೇರಿಸಿ ನಾಯಿ ಮಾಡಿದಳು. ಚೆನ್ನಾಗಿಯೇ ಇತ್ತು. ಆದರೆ ಮೊದಲ ದಿನ ಏಳರಲ್ಲಿ ಎರಡು ಹಾಳೆ ಖಾಲಿ. ಬಿಟ್ಟುಬಿಟ್ಟದ್ದಲ್ಲ, ಕ್ಲಿಪ್ಪು ಹಾಕಿ ಸರಿಯಾದ ಜಾಗದಲ್ಲೇ ತೂಗುಹಾಕಿದ್ದಳು. ಖಾಲಿ.

"ಇದ್ಯಾಕೆ ಏನೂ ಬರ್ದಿಲ್ಲ?"

"ಅಲ್ಲೇನೂ ಇರ್ಲಿಲ್ಲ."

"ಇದೆ. ನೋಡು, ಇಲ್ಲೇ ಇದೆ, ಆರು ಸಾಲು."

ಅವಳು ಪುಸ್ತಕವನ್ನು ನೋಡಿದಳು. ಆ ಆರು ಸಾಲುಗಳನ್ನು ಆಗತಾನೆ ಯಾರೋ ತಂದಿಟ್ಟರು ಎನ್ನುವ ಹಾಗೆ ನೋಡಿದಳು. "ಇರ್ಲಿಲ್ಲಮ್ಮ" ಎಂದಳು ಮತ್ತೆ.

ಆ ತಿಂಗಳ ಡೈರಿಯಲ್ಲಿ "ಸುಳ್ಳು" ಎಂಬ ಪದ ಹನ್ನೊಂದು ಸಲ ಇದೆ. ಎಣಿಸಿದ್ದೇನೆ. ದಿನವೂ ಒಂದೋ ಎರಡೋ ಖಾಲಿ ಹಾಳೆ, ದಿನವೂ ಅದೇ ಮಾತು. ರಘುವಿಗೆ ಹೇಳಿದರೆ ನಕ್ಕ. ಅವನೂ ಹಾಗೇ ಇದ್ದನಂತೆ. ಏಳನೇ ತರಗತಿವರೆಗೆ ಕಿಟಕಿಯ ಕಡೆ ನೋಡುತ್ತಲೇ ಪಾಸಾದನಂತೆ. ನಾನು ಗದರಿದೆ, ಟೀವಿ ಬಂದ್ ಮಾಡಿದೆ, ಖಾಲಿ ಹಾಳೆಯ ಪ್ಯಾರಾವನ್ನು ಮೂರು ಸಲ ಬರೆಸಿದೆ. ಮೂರು ಸಲ ಬರೆಯುವಾಗಲೂ ನಡುವೆ ಒಂದು ಸಾಲು ಮಾಯವಾಗಿರುತ್ತಿತ್ತು.

ಕಾಯಿಲೆಯನ್ನು ಕಂಡುಹಿಡಿದವರು ಅತ್ತೆ, ಅದೂ ಅವರೆಕಾಯಿ ಕಾಲದಲ್ಲಿ. ನಮ್ಮ ಮನೆಯಲ್ಲಿ ಆ ಎರಡು ತಿಂಗಳು ಎಲ್ಲರೂ ಸೇರಿ ಅವರೆಕಾಳು ಹಿತುಕುವ ರೂಢಿ. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಅದಕ್ಕೊಂದು ಲಯವಿದೆ, ಮಾತಾಡುತ್ತಿದ್ದರೂ ಕೈ ನಿಲ್ಲುವುದಿಲ್ಲ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿ ಹೇಳಿದರು.

"ನಿನ್ನೆಯಿಂದ ನೋಡ್ತಿದೀನಿ ಕಣೆ. ಅವಳ ಕೈ ನಿಂತ್ಬಿಡುತ್ತೆ. ಕಾಳು ಬೆರಳಲ್ಲೇ ಇರುತ್ತೆ, ಕಣ್ಣು ಮಾತ್ರ ಇಲ್ಲಿರಲ್ಲ. ಹತ್ತು ಎಣಿಸೋದ್ರೊಳಗೆ ವಾಪಸ್ ಬಂದು ಮತ್ತೆ ಹಿತುಕ್ತಾಳೆ."

"ಬೇಜಾರಾಗಿರುತ್ತೆ, ಅತ್ತೆ."

"ಬೇಜಾರಾದ್ರೆ ಎದ್ದು ಓಡಿಹೋಗ್ತಾಳೆ ನಿನ್ನ ಮಗಳು. ಇದು ಬೇಜಾರಲ್ಲ."

ನನ್ನ ನೆನಪಿನಲ್ಲಿ ನಾನು ಅಂದೇ ಸಂಜೆ ಅವಳೆದುರು ಕೂತು ನೋಡಿದೆ. ಅತ್ತೆಯ ಪ್ರಕಾರ ಮೂರು ದಿನ ಅವರ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಡೈರಿಯಲ್ಲಿ ಆ ದಿನಗಳಲ್ಲಿ ಏನೂ ಇಲ್ಲ, ಲೈಬ್ರರಿಯ ಸ್ಟಾಕ್ ಪರಿಶೀಲನೆಯ ಗಲಾಟೆ ಬಿಟ್ಟರೆ. ಅತ್ತೆಯ ಮಾತೇ ನಿಜ ಇರಬೇಕು. ನೋಡಿದ್ದಂತೂ ಹೌದು. ಬೆರಳು ನಿಂತಿತು. ರೆಪ್ಪೆ ಸ್ವಲ್ಪ ಅದುರಿತು. ಮುಖ ಇತ್ತು, ಅದರ ಹಿಂದೆ ಯಾರೂ ಇರಲಿಲ್ಲ. ಬೇಳೆ ಚಿಮ್ಮಿತು, ಅವಳು ಅರ್ಧಕ್ಕೆ ನಿಲ್ಲಿಸಿದ್ದ ಮಾತನ್ನು ಮುಂದುವರಿಸಿದಳು. ಒಂದು ಗಂಟೆಯಲ್ಲಿ ನಾಲ್ಕು ಸಲ. ನಾನು ನೋಡಿದ್ದು ನಾಲ್ಕು.

ಮಕ್ಕಳ ಡಾಕ್ಟರು ನರರೋಗ ತಜ್ಞರ ಹತ್ತಿರ ಕಳಿಸಿದರು. ಅಪಾಯಿಂಟ್‌ಮೆಂಟಿಗೆ ಒಂಬತ್ತು ದಿನ. ಆ ಒಂಬತ್ತು ದಿನ ನಾನು ಮಾಡಿದ್ದೆಂದರೆ ಮೊಬೈಲಿನಲ್ಲಿ ಓದಬಾರದ್ದನ್ನೆಲ್ಲ ಓದಿದ್ದು, ಬಾಗಿಲ ಸಂದಿಯಿಂದ ಅವಳನ್ನು ನೋಡಿದ್ದು. ಸ್ನಾನಕ್ಕೆ ಒಬ್ಬಳನ್ನೇ ಬಿಡಲಿಲ್ಲ, ಅತ್ತೆಯನ್ನು ಜೊತೆಗೆ ಕಳಿಸಿದೆ. ಮೆಟ್ಟಿಲು ಇಳಿಯುವಾಗ ಕೈ ಹಿಡಿದೆ. ಒಂಬತ್ತು ವರ್ಷದ ಹುಡುಗಿಗೆ ನಾಚಿಕೆಯಾಗುತ್ತಿತ್ತು, ಕೈ ಕಿತ್ತುಕೊಳ್ಳುತ್ತಿದ್ದಳು.

ಕಾಯುವ ಕೋಣೆ ಚಿಕ್ಕದು. ಗೋಡೆಯ ಟೀವಿಯಲ್ಲಿ ದನಿಯಿಲ್ಲದ ಅಡುಗೆ ಕಾರ್ಯಕ್ರಮ. ಎದುರಿಗೆ ಒಬ್ಬ ಅಜ್ಜ ತನ್ನ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತಿದ್ದರು. ನಿಧಿ ಅವರನ್ನು ನೋಡುವುದು, ನಾನು ಅವಳಿಗೆ ನೋಡಬೇಡ ಎಂದು ಕಣ್ಣಲ್ಲೇ ಹೇಳುವುದು. ಆಕಡೆ ಈಕಡೆ ನೋಡಿ ಅವಳೇ ಹೋಗಿ ಅವರ ಪಕ್ಕದಲ್ಲಿ ಕೂತಳು. ಅವರು ತಮ್ಮ ಚೀಟಿಯಲ್ಲಿ ಏನು ಬರೆದಿದೆ ಓದು ಎಂದರು. ಅವಳು ಡಾಕ್ಟರ ಅಕ್ಷರ ಓದಲು ಹೋಗಿ, "ತಾತ, ಇದು ನಂಗೂ ಅರ್ಥ ಆಗಲ್ಲ" ಎಂದಳು. ಅಜ್ಜ ನಕ್ಕರು. ಅವತ್ತಿನ ಮಟ್ಟಿಗೆ ಅದೊಂದೇ ಸಮಾಧಾನ.

ಡಾಕ್ಟರು ನನಗಿಂತ ಚಿಕ್ಕವರು. ಮೇಜಿನ ಡ್ರಾಯರಿನಿಂದ ಒಂದು ಕಾಗದದ ಗಿರಗಿಟ್ಲೆ ತೆಗೆದು ನಿಧಿಯ ಕೈಗೆ ಕೊಟ್ಟು, ನಾನು ಸಾಕು ಅನ್ನುವವರೆಗೆ ಊದುತ್ತಲೇ ಇರಬೇಕು ಎಂದರು. ಇಷ್ಟು ದೂರ ಬಂದು ಆಟವಾ ಎಂದು ರಘು ನನ್ನ ಕಡೆ ನೋಡಿದ. ನಿಧಿ ಊದಿದಳು. ಒಂದು ನಿಮಿಷ, ಎರಡು ನಿಮಿಷ. ಗಿರಗಿಟ್ಲೆ ನಿಧಾನವಾಯಿತು. ನಿಂತಿತು. ಅವಳ ಬಾಯಿ ಊದುವ ಆಕಾರದಲ್ಲೇ ಇತ್ತು. ಡಾಕ್ಟರು ಬಗ್ಗಿ, ಸ್ಪಷ್ಟವಾಗಿ, "ನಿಧಿ, ನೇರಳೆ ಬಣ್ಣ" ಎಂದರು. ಎಷ್ಟು ಹೊತ್ತಾಯಿತೋ. ಅವಳು ಕಣ್ಣು ಮಿಟುಕಿಸಿ ಮತ್ತೆ ಊದತೊಡಗಿದಳು.

"ಸಾಕು ಪುಟ್ಟಿ. ಈಗ ನಾನೊಂದು ಬಣ್ಣದ ಹೆಸರು ಹೇಳಿದ್ನಲ್ಲ, ಯಾವುದು?"

ಅವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ, ಬಯ್ಯಿಸಿಕೊಳ್ಳಲು ತಯಾರಾದವಳ ಹಾಗೆ ಹೇಳಿದಳು: "ನೀವೇನೂ ಹೇಳ್ಲಿಲ್ಲ."

ಅದೇ ದನಿ. ಅಲ್ಲೇನೂ ಇರ್ಲಿಲ್ಲ ಎಂದು ನಮ್ಮ ನಡುಮನೆಯಲ್ಲಿ ದಿನವೂ ಹೇಳುತ್ತಿದ್ದ ದನಿ. ಹನ್ನೊಂದು ಸಲವೂ ಅವಳು ನಿಜವನ್ನೇ ಹೇಳಿದ್ದಳು.

ಇದೂ ಒಂದು ಬಗೆಯ ಫಿಟ್ಸ್ ಎಂದರು ಡಾಕ್ಟರು. ಬೀಳುವುದಿಲ್ಲ, ಒದ್ದಾಡುವುದಿಲ್ಲ, ಕೆಲವು ಸೆಕೆಂಡು ಇಲ್ಲವಾಗುತ್ತಾರೆ ಅಷ್ಟೆ. ದಿನಕ್ಕೆ ಹತ್ತಾರು ಸಲ ಆಗಿರಬಹುದು. ಸಿನಿಮಾದ ರೀಲು ಅಲ್ಲಲ್ಲಿ ಕತ್ತರಿಸಿದರೆ ಕಥೆ ಹೇಗೆ ಅರ್ಥವಾಗುತ್ತದೆ ಎಂದು ಕೇಳಿದರು. ನಾನು ಚೀಲದಿಂದ ಕ್ಯಾಲೆಂಡರ್ ಹಾಳೆಗಳ ಕಟ್ಟು ತೆಗೆದು ಕೊಟ್ಟೆ. ಖಾಲಿ ಹಾಳೆಗಳು ಎಲ್ಲೆಲ್ಲಿ ಬಂದಿವೆ ಎಂದು ನೋಡುತ್ತ, ತಿರುಗಿಸಿ ಹುಬ್ಬೇರಿಸಿದರು. ಹಿಂದಿನ ವರ್ಷದ ಮಾರ್ಚಿನಿಂದಲೂ ಇದೆಯಾ, ಇಷ್ಟು ದಿನ ಸುಮ್ಮನಿದ್ದಿರಾ ಎಂದರು. ಆ ತಾರೀಖು ಚಿತ್ರ ಬರೆದ ದಿನದ್ದಲ್ಲ, ನಮ್ಮತ್ತೆ ಹಳೆಯ ಹಾಳೆ ಎಸೆಯುವುದಿಲ್ಲ ಎಂದು ವಿವರಿಸಬೇಕಾಯಿತು. ಅವರು ನಕ್ಕು, ತಮ್ಮ ಅಜ್ಜಿಯೂ ಹೀಗೇ ಎಂದರು. ನಾನೂ ನಕ್ಕೆ. ಈಗ ಅನ್ನಿಸುತ್ತದೆ: ಮಾವಿನಹಣ್ಣಿನ ಆ ದಿನವನ್ನು ಎಣಿಸಿದರೆ, ಆ ಹಾಳೆಗಳ ತಪ್ಪು ತಾರೀಖು ಅಷ್ಟೇನೂ ತಪ್ಪಲ್ಲ. ಸುಮ್ಮನಿದ್ದದ್ದು ಹೌದು.

ಇ.ಇ.ಜಿ. ಕೋಣೆಯಲ್ಲಿ ತಲೆ ತುಂಬ ತಂತಿ ಅಂಟಿಸಿದರು. ಅಲ್ಲಿನ ಟೆಕ್ನಿಷಿಯನ್ ಒಬ್ಬರು ಹೇಳಿದ ಮಾತನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಅಂಟನ್ನು ತೆಗೆಯಲು ನೇರವಾಗಿ ಶಾಂಪೂ ಹಾಕಬೇಡಿ, ಗಂಟಾಗುತ್ತದೆ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಬಿಡಿ ಎಂದರು. ರೋಗದ ಬಗ್ಗೆ ನೂರು ಜನ ನೂರು ಹೇಳಿದರು. ಕೂದಲಿನ ಬಗ್ಗೆ ಯೋಚಿಸಿದವರು ಅವರೊಬ್ಬರೇ.

ಮನೆಗೆ ಬಂದು ಚಪ್ಪಲಿ ಬಿಡುತ್ತ ರಘು, ಇದು ನಮ್ಮ ನಾಲ್ಕು ಜನರಲ್ಲೇ ಇರಲಿ ಎಂದ. ಹೆಣ್ಣುಮಗು, ನಾಳೆ ಜನ ನೂರು ಮಾತಾಡ್ತಾರೆ, ಶಾಲೆಗೂ ಈಗಲೇ ಬೇಡ ಎಂದ. ಅವನ ಭಯ ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಕ್ಷಣ ನನಗೂ ಅದೇ ಬೇಕಿತ್ತು. ಅತ್ತೆ ಗೋಡೆಗೊರಗಿ ಕೂತು ಕೇಳುತ್ತಿದ್ದರು.

"ನಾಳೆದು ನಾಳೆಗಿರ್ಲಿ ಕಣೋ. ಇವತ್ತು ರಸ್ತೆ ದಾಟೋವಾಗ ಕೈ ನಿಂತಂಗೆ ಕಾಲೂ ನಿಂತ್ಬಿಟ್ರೆ? ಸ್ಕೂಲಿಗೆ ನಾನೇ ಹೋಗಿ ಹೇಳ್ತೀನಿ, ನಿಮ್ಮಿಬ್ರಿಗೂ ಬಾಯಿ ಬರದಿದ್ರೆ."

ಅವರು ಹೋಗಬೇಕಾಗಲಿಲ್ಲ. ನಾನೇ ಹೋದೆ. ಕ್ಲಾಸ್ ಟೀಚರ್ ಕೇಳಿ, ತಾನು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ ಎಂದು ಹೇಳಿ ಕಣ್ಣೊರೆಸಿಕೊಂಡರು. ನಾನು ಮನೆಯಲ್ಲಿ ಮಾಡಿದ್ದು ನನಗೆ ಗೊತ್ತಿತ್ತು.

ಔಷಧಿ ಶುರುವಾದ ಮೇಲಿನ ವಾರಗಳೇ ಹೆಚ್ಚು ಕಷ್ಟದವು. ಒಂದೇ ಸಲಕ್ಕೆ ಪೂರ್ತಿ ಪ್ರಮಾಣ ಕೊಡುವಂತಿಲ್ಲ, ಸ್ವಲ್ಪ ಸ್ವಲ್ಪವೇ ಏರಿಸಬೇಕು. ನಿಧಿ ತೂಕಡಿಸುತ್ತಿದ್ದಳು, ಊಟ ಬೇಡ ಎನ್ನುತ್ತಿದ್ದಳು, ಸಣ್ಣದಕ್ಕೂ ಅಳುತ್ತಿದ್ದಳು. ನಾನು ಎರಡು ಹೊತ್ತೂ ಮಾತ್ರೆ ಕೊಟ್ಟು ಡೈರಿಯಲ್ಲಿ ಗುರುತು ಹಾಕುತ್ತಿದ್ದೆ. ಹಾಕಿದ್ದೇನೆಯೋ ಇಲ್ಲವೋ ಎಂದು ಮತ್ತೆ ಎದ್ದು ಹೋಗಿ ನೋಡುತ್ತಿದ್ದೆ. ಸಂಜೆ ಹಗ್ಗದ ಮೇಲಿನ ಹಾಳೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದೆ. ಖಾಲಿ ಹಾಳೆ ಕಡಿಮೆಯಾಗುತ್ತ ಬಂತು. ಎರಡನೇ ತಿಂಗಳಿಗೆ ಪೂರ್ತಿ ನಿಂತಿತು.

ನಿಂತಿತು ಎಂದುಕೊಂಡೆ. ಹಾಳೆಗಳನ್ನು ಹತ್ತಿರದಿಂದ ನೋಡಿದಾಗ ಬೇರೆಯೇ ಕಂಡಿತು. ನಡುನಡುವೆ ಒಂದು ಮರ, ಒಂದು ಸೂರ್ಯ, ಒಂದು ಮನೆ. ಅಂಗಡಿಯ ಪಾಠಕ್ಕೂ ಅದೇ ಮರ, ಸಮುದ್ರದ ಪಾಠಕ್ಕೂ ಅದೇ ಮರ. ಖಾಲಿ ಬಿಟ್ಟರೆ ಅಮ್ಮನ ಮುಖ ಹೇಗಾಗುತ್ತದೆ ಎಂದು ಅವಳು ಕಲಿತಿದ್ದಳು, ಅದನ್ನು ಮುಚ್ಚಲು ಏನೋ ಒಂದು ಬರೆಯುತ್ತಿದ್ದಳು. ಈಗ ನನಗೆ ಏನೂ ಗೊತ್ತಾಗದ ಹಾಗಾಯಿತು. ಈ ಮರ ಫಿಟ್ಸಾ? ಮಾತ್ರೆಯ ಮಂಪರಾ? ಓದಿದರೂ ಅರ್ಥವಾಗದ್ದಾ? ಎರಡನೇ ಇ.ಇ.ಜಿ.ಯಲ್ಲಿ ಗೆರೆಗಳು ಸರಿಯಾಗಿ ಬಂದಿದ್ದವು. ಡಾಕ್ಟರು ಖುಷಿಪಟ್ಟರು. ಕಾಯಿಲೆ ಹಿಡಿತಕ್ಕೆ ಬಂದಿದೆ, ಓದಿ ಅರ್ಥ ಮಾಡಿಕೊಳ್ಳುವುದನ್ನು ಮಾತ್ರ ಅವಳು ಹೊಸದಾಗಿ ಕಲಿಯಬೇಕು. ತಪ್ಪಿಹೋದದ್ದು ಒಂದು ದೊಡ್ಡ ಕಾಲ ಎಂದರು. ಕಲಿಯದಿದ್ದರೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಅವರು ಹೇಳಿದ ಮೇಲೆ ಮಲ್ಲೇಶ್ವರಂನ ಮಾಲಿನಿ ಮೇಡಂ ಹತ್ತಿರ ಹೋಗತೊಡಗಿದೆವು. ಓದು ಕಷ್ಟವಾಗುವ ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡುವವರು. ಶನಿವಾರ ಮೆಟ್ರೋದಲ್ಲಿ ಹೋಗಿ ಸಂಪಿಗೆ ರಸ್ತೆಯಲ್ಲಿ ಇಳಿಯುವುದು. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುವಾಗ ನಾನು ಅವಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ತಲೆ ಬಗ್ಗಿಸಿ ಕಣ್ಣು ನೋಡುತ್ತಿದ್ದೆ. ಒಮ್ಮೆ ಒಬ್ಬ ಹೆಂಗಸು, ಮಗುವಿಗೆ ವಾಂತಿ ಬರ್ತಿದೆಯಾ ಎಂದು ಪ್ಲಾಸ್ಟಿಕ್ ಚೀಲ ಕೊಟ್ಟರು.

ಮೊದಲ ದಿನ ಮಾಲಿನಿ ಮೇಡಂ ನಮ್ಮಿಬ್ಬರನ್ನೂ ಎದುರು ಬದುರು ಕೂರಿಸಿ, ಮನೆಯಲ್ಲಿ ಹೇಗೆ ಓದಿಸುತ್ತೀರೋ ಹಾಗೇ ಓದಿಸಿ ಎಂದು ತಾವು ಸುಮ್ಮನೆ ಕೂತರು. ಹತ್ತು ನಿಮಿಷ ನೋಡಿ, ನಿಧಿಯನ್ನು ನೀರು ಕುಡಿಯಲು ಒಳಗೆ ಕಳಿಸಿ ಹೇಳಿದರು:

"ನೀವು ಅವಳ ಮುಖ ಓದ್ತಿದೀರ. ಅವಳು ನಿಮ್ಮ ಮುಖ ಓದ್ತಿದಾಳೆ. ಪುಸ್ತಕ ಯಾರೂ ಓದ್ತಿಲ್ಲಮ್ಮ."

ನನಗೆ ಸಿಟ್ಟು ಬಂತು. ಕಣ್ಣು ತೆಗೆದರೆ ಏನಾದರೂ ಆದರೆ ಎಂದೆ. ಡಾಕ್ಟರು ಏನು ಹೇಳಿದ್ದಾರೆ ಎಂದು ಕೇಳಿದರು. ಹೇಳಿದೆ. ಹಾಗಾದರೆ ನೀವು ಕಾಯುತ್ತಿರುವುದು ಅವಳ ಕಾಯಿಲೆಯನ್ನಲ್ಲ, ನಿಮ್ಮದನ್ನು ಎಂದರು. ಒರಟು ಮಾತು. ಡೈರಿಯಲ್ಲಿ ಅದನ್ನು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ, ಮೆಚ್ಚಿ ಎಳೆದದ್ದೋ ಸಿಟ್ಟಿಗೆ ಎಳೆದದ್ದೋ ಈಗ ಹೇಳಲಾರೆ.

ಅವರು ನಿಯಮ ಬದಲಾಯಿಸಿದರು. ಅರ್ಥವಾಗದ ಕಡೆ ಹಾಳೆಯನ್ನು ಖಾಲಿ ಬಿಡಬೇಕು, ಬಿಟ್ಟರೆ ಅದಕ್ಕೊಂದು ಶಭಾಷ್. ಆಮೇಲೆ ಅದೇ ಪ್ಯಾರಾಕ್ಕೆ ವಾಪಸ್ ಹೋಗಿ ಮತ್ತೆ ಓದಿ ತುಂಬಬೇಕು. ಸುಮ್ಮನೆ ಬರೆದ ಮರಕ್ಕೆ ಮಾತ್ರ, ಈ ಮರ ಯಾವ ಸಾಲಲ್ಲಿದೆ ತೋರಿಸು ಎಂದು ಕೇಳುವುದು. ಮತ್ತು ನಾನು ಎದುರಿಗೆ ಕೂರಬಾರದು. ನನ್ನ ಜಾಗ ಅಡುಗೆಮನೆ. ಅವಳು ಕರೆದರೆ ಮಾತ್ರ ಬರಬೇಕು.

ಹೇಳುವುದು ಸುಲಭ. ಅಡುಗೆಮನೆಯಲ್ಲಿ ನಾನು ತೊಳೆದ ಲೋಟವನ್ನೇ ತೊಳೆದೆ. ಪುಟ ತಿರುಗಿಸುವ ಸದ್ದಿಗೆ ಕಿವಿ ಕೊಟ್ಟು, ಸದ್ದು ತಡವಾದರೆ ಒಲೆ ಆರಿಸಿ ಬಾಗಿಲವರೆಗೆ ಬಂದು ನಿಂತೆ. ಅತ್ತೆ ಕೈ ಹಿಡಿದು ಎಳೆದು ಸೊಪ್ಪು ಬಿಡಿಸಲು ಕೂರಿಸಿದರು. ಹೊರಗಿನಿಂದ ನಿಧಿ ಒಂದು ಸಂಜೆ ಕೂಗಿ ಹೇಳಿದಳು, "ಅಮ್ಮ, ನಿನ್ ನೆರಳು ಕಾಣ್ತಿದೆ."

ಮರಗಳು ಹೋದವು. ಖಾಲಿ ಹಾಳೆಗಳು ಮತ್ತೆ ಬಂದವು, ಈ ಸಲ ಭಯವಿಲ್ಲದೆ. ಆಮೇಲೆ ಅವು ತುಂಬತೊಡಗಿದವು. ಪ್ಯಾರಾಕ್ಕೊಂದು ಹಾಳೆ ಇದ್ದದ್ದು ಪುಟಕ್ಕೊಂದಾಯಿತು, ಪಾಠಕ್ಕೆ ಮೂರಾಯಿತು. ಐದನೇ ತರಗತಿಯ ನಡುವಿನ ಹೊತ್ತಿಗೆ ಹಗ್ಗದ ಮೇಲೆ ಹಾಳೆಗಿಂತ ರಘುವಿನ ಕರವಸ್ತ್ರಗಳೇ ಹೆಚ್ಚು ತೂಗುತ್ತಿದ್ದವು. ಶಾಲೆಯ ಅಂಕಗಳು ಪರವಾಗಿಲ್ಲ ಎನ್ನುವಷ್ಟು ಬಂದವು. ಆದರೂ ನನಗೆ ನಂಬಿಕೆ ಬರಲಿಲ್ಲ. ಉತ್ತರ ಹೇಳುವುದು ಬೇರೆ. ಪುಸ್ತಕದಲ್ಲಿರುವುದು ತನಗೆ ಸಂಬಂಧಪಟ್ಟದ್ದು ಎಂದು ತಿಳಿಯುವುದು ಬೇರೆ. ಓದಿದ್ದು ಅವಳೊಳಗೆ ಹೋಗಿ ಏನಾದರೂ ಮಾಡುತ್ತಿದೆಯೇ? ಅದನ್ನು ತೋರಿಸುವ ಪರೀಕ್ಷೆ ಯಾರ ಹತ್ತಿರವೂ ಇರಲಿಲ್ಲ. ಯಾವ ಪುಸ್ತಕವಾದರೂ ಅವಳೇ ಆರಿಸಿಕೊಳ್ಳಲಿ ಬಿಡಿ, ಆಗ ನೋಡೋಣ ಎಂದಿದ್ದರು ಮಾಲಿನಿ ಮೇಡಂ.

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಈ ಸಲ ವಾರ ಖಚಿತ. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ನಡುಮನೆಯಲ್ಲಿ ಬಹಳ ಹೊತ್ತಿನಿಂದ ಸದ್ದಿರಲಿಲ್ಲ, ನಾನೂ ಎದ್ದು ಹೋಗಿ ನೋಡಿರಲಿಲ್ಲ, ಅಷ್ಟು ಕಲಿತಿದ್ದೆ. ನಿಧಿಯೇ ಕರೆದಳು.

ಅವಳು ನನ್ನ ಮೇಜಿನ ಹತ್ತಿರ ನಿಂತಿದ್ದಳು. ಮುಂದೆ ನನ್ನ ಡೈರಿ, ಹಳೆಯದು, ಅವರೆಕಾಯಿ ಕಾಲಕ್ಕೂ ಹಿಂದಿನ ಪುಟ ತೆರೆದಿತ್ತು. ಒಂದು ಸಾಲಿನ ಮೇಲೆ ಬೆರಳು.

ಇಷ್ಟು ಹೊತ್ತು ನಾನು ಬರೆಯದೆ ತಪ್ಪಿಸಿಕೊಂಡು ಬಂದದ್ದು ಆ ನಾಲ್ಕು ಸಾಲನ್ನು. ಗದರಿದೆ ಎಂದೆ, ಟೀವಿ ಬಂದ್ ಮಾಡಿದೆ ಎಂದೆ. ಅಲ್ಲಿ ಬರೆದಿರುವುದು ಇದು: "ಮಧ್ಯದಲ್ಲಿ ಓದು ನಿಲ್ಲಿಸಿ ಕೂತಳು. ಎರಡು ಸಲ ಕರೆದೆ. ತೊಡೆ ಚಿವುಟಿದೆ, ಜೋರಾಗಿಯೇ. ಕಣ್ಣು ಕೂಡ ಮಿಟುಕಿಸಲಿಲ್ಲ. ಎಷ್ಟು ಮೊಂಡು."

"ಇದು ಗಿರಗಿಟ್ಲೆ ಡಾಕ್ಟರ್ ಹತ್ರ ಹೋಗೋಕ್ಕೆ ಮುಂಚೆ, ಅಲ್ವಾ?" ಎಂದಳು.

ಹೌದು ಎಂದೆ.

"ಹಂಗಾದ್ರೆ ಮೊಂಡು ಅಲ್ಲ. ನಾನು ಅಲ್ಲಿರ್ಲಿಲ್ಲ."

ರವೆ ಸೀಯುವ ವಾಸನೆ ಬರುತ್ತಿತ್ತು. ಅತ್ತೆ ಎದ್ದು ಹೋಗಿ ಒಲೆ ಆರಿಸಿದ್ದು ಕೇಳಿಸಿತು. ನಿಧಿ ಮತ್ತೆ ಆ ಸಾಲನ್ನು ನೋಡಿದಳು. ಆಮೇಲೆ ತನ್ನ ತೊಡೆಯ ಕಡೆ, ಲಂಗದ ಮೇಲಿನಿಂದ, ಒಂದು ಜಾಗವನ್ನು ಮುಟ್ಟಿಕೊಂಡಳು.

"ಇಲ್ಲಿ ನೀಲಿ ಆಗಿತ್ತು. ಅಜ್ಜಿ ಎಣ್ಣೆ ಹಚ್ಚೋವಾಗ ನೋಡಿದ್ರು. ಸ್ಕೂಲ್ ಬೆಂಚು ತಗುಲಿರ್ಬೇಕು ಅಂದ್ರು. ನಂಗೂ ಹೆಂಗಾಯ್ತು ಅಂತ ಗೊತ್ತಿರ್ಲಿಲ್ಲ." ನನ್ನ ಕಡೆ ತಿರುಗಿ ಕೇಳಿದಳು, "ನೀನಾ?"

"ನಾನೇ."

ನೀಲಿಯಾಗಿದ್ದು ನನಗೆ ಗೊತ್ತೇ ಇರಲಿಲ್ಲ. ಡೈರಿಯಲ್ಲಿಲ್ಲ, ನೆನಪಿನಲ್ಲೂ ಇಲ್ಲ. ನಾಲ್ಕು ಸಾಲಿನಲ್ಲಿ ನಾನು ಬರೆಯದೆ ಬಿಟ್ಟದ್ದನ್ನು ಅವಳು ಅದೇ ನಾಲ್ಕು ಸಾಲಿನಿಂದ ಓದಿ ತೆಗೆದಿದ್ದಳು. ಎರಡು ವರ್ಷ ನಾನು ಕಾದದ್ದು ಇದಕ್ಕೇ. ಖುಷಿಪಡಬೇಕು ಎಂದು ತಿಳಿಯಿತು, ಆಗಲಿಲ್ಲ. ಕುರ್ಚಿ ಎಳೆದು ಕೂತೆ. ತಪ್ಪಾಯಿತು ಎಂದೆ. ನೋವಾಯಿತಾ ಎಂದೂ ಕೇಳಿದೆ, ಪೆದ್ದುಪೆದ್ದಾಗಿ.

"ಆಗ ಇಲ್ಲ" ಎಂದಳು. ನನ್ನ ಪೆನ್ನು ತೆಗೆದುಕೊಂಡು, ಆ ಸಾಲಿನ ಕೆಳಗೆ ಇದ್ದ ಸಂದಿಯಲ್ಲಿ ತನ್ನ ದುಂಡು ಅಕ್ಷರದಲ್ಲಿ ಬರೆದಳು: ನೀಲಿ ಆಗಿತ್ತು. ಪೂರ್ಣವಿರಾಮ ಇಟ್ಟು ಪೆನ್ನು ಮುಚ್ಚಿದಳು.

"ಮುಂದೆ ಓದ್ಲಾ?"

ಮುಂದಿನ ಪುಟಗಳೂ ಅದೇ ತಿಂಗಳವು. ಅವುಗಳಲ್ಲಿ ಏನೇನಿದೆ ಎಂದು ನನಗೆ ಪೂರ್ತಿ ನೆನಪಿಲ್ಲ, ಆದರೆ ಅವಳಿಗೆ ಅರ್ಥವಾಗುತ್ತದೆ ಎಂದು ಈಗ ಗೊತ್ತಿತ್ತು. ಪಕ್ಕದಲ್ಲಿ ಅವಳಿಗೊಂದು ಕುರ್ಚಿ ಎಳೆದುಕೊಟ್ಟೆ.

"ಓದು" ಎಂದೆ.